ವಿಕಟಕವಿಯನ್ನು ಬಲ್ಲ ಕತ್ತರಿ

‘ವಿಕಟಕವಿ’ ಎಂಬ ಪದವನ್ನು ಎಡದಿಂದ ಓದಿದರೂ ಒಂದೇ, ಬಲದಿಂದ ಓದಿದರೂ ಒಂದೇ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯವೊಂದು ಇಂತಹುದೇ ಪದವನ್ನು ಗುರುತಿಸಿ ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದೆಂದರೆ ವಾಚಕರಿಗೆ ಸೋಜಿಗವಾಗದಿರದು.

ಬ್ಯಾಕ್ಟೀರಿಯಗಳಿಗೂ ಶತ್ರುಗಳುಂಟು. ಕೆಲವು ವೈರಸ್‌ಗಳು ಅವುಗಳ ಮೈಗೆ ಅಂಟಿಕೊಂಡು ತಮ್ಮ ಡಿ.ಎನ್.ಎ.ಯನ್ನು ಒಳಕ್ಕೆ ತೂರಿಸುತ್ತವೆ. ಡಿ.ಎನ್.ಎ. ಎಂಬುದು ಎರಡೆಳೆಯ ಹುರಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಒಂದೆಳೆಯಲ್ಲಿ ಎ ಇದ್ದೆಡೆ ಎದುರೆಳೆಯಲ್ಲಿ ಟಿ. ಜಿ ಇದ್ದೆಡೆ ಸಿ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯದ ಒಂದು ತಳಿಯಲ್ಲಿ ‘ಇಕೋ ಆರ್ ಒನ್’ ಎಂಬ ಕಿಣ್ವವಿದೆ. ‘ಜಿಎಎಟಿಟಿಸಿ’ ಎಂಬ ಪದ ಕಂಡಲ್ಲಿ ಅದು ಜಿ ಮತ್ತು ಎಗಳ ನಡುವೆ ಕತ್ತರಿಸುತ್ತದೆ. ಈ ಎಳೆಯನ್ನು ಎಡದಿಂದ, ಎದುರೆಳೆಯನ್ನು ಬಲದಿಂದ ಓದಿ ನೋಡಿ: ಎರಡರಲ್ಲಿಯೂ ಅದೇ ಪದ!

ಹಾಗಾದರೆ ಬ್ಯಾಕ್ಟೀರಿಯದ ಸ್ವಂತ ಡಿ.ಎನ್.ಎ.ಯಲ್ಲಿಯೂ ಆ ಪದ ಇರಬಹುದಲ್ಲವೆ? ಇದೆ. ಆದರೆ ಇನ್ನೊಂದು ಕಿಣ್ವವು ಅಲ್ಲಿ ಮೊದಲೇ ಮೀಥೈಲ್ ಎಂಬ ಪುಟ್ಟ ಬೊಟ್ಟನ್ನಿಟ್ಟಿರುತ್ತದೆ. ಬೊಟ್ಟಿದ್ದಲ್ಲಿ ಕತ್ತರಿ ಮುಟ್ಟದು. ತನ್ನವರಾರು, ಪರರಾರು ಎಂಬ ವಿವೇಕ ಇಷ್ಟರಲ್ಲಿಯೇ ಅಡಗಿದೆ.

ಒಂದು ತಳಿಯಲ್ಲಿ ಬೆಳೆದ ವೈರಸ್ ಮತ್ತೊಂದು ತಳಿಯಲ್ಲಿ ಏಕೆ ಬೆಳೆಯಲಾರದು? ಸ್ವಿಟ್ಜರ್‌ಲೆಂಡಿನ ವರ್ನರ್ ಆರ್ಬರ್ 1960ರ ದಶಕದಲ್ಲಿ ಬೆನ್ನಟ್ಟಿದ ಪ್ರಶ್ನೆ ಇದು. ಗೊತ್ತಾದ ತಾಣದಲ್ಲಿಯೇ ಕತ್ತರಿಸುವ ಕಿಣ್ವವನ್ನು 1970ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ಪ್ರಕಟಿಸಿದರು. ಮರುವರ್ಷ ಡೇನಿಯಲ್ ನೇಥನ್ಸ್ ಅದರಿಂದ ಒಂದು ವೈರಸ್ಸಿನ ಡಿ.ಎನ್.ಎ.ಯನ್ನು 11 ತುಂಡುಗಳಾಗಿಸಿದರು. 1978ರ ನೊಬೆಲ್ ಪಾರಿತೋಷಕ ಈ ಮೂವರದಾಯಿತು.

ಬಟ್ಟೆಯನ್ನು ಅಳತೆಗೆ ಕತ್ತರಿಸಲು ಬಂದರೆ ಹೊಲಿಗೆಗೆ ದಾರಿಯಾಯಿತೆಂದೇ ಅರ್ಥ. ಕತ್ತರಿಸಿದ ತುದಿಗಳನ್ನು ಬೆಸೆಯುವ ಕಿಣ್ವವೂ ದೊರೆತಿತ್ತು. 1978ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ಬರಹವನ್ನು ಇ. ಕೋಲಿಯೊಳಗೆ ಹೊಲಿದು, ಅದರಿಂದಲೇ ಇನ್ಸುಲಿನ್ ಮಾಡಿಸಿದರು. ಅಲ್ಲಿಯವರೆಗೆ ಸಕ್ಕರೆ ಕಾಯಿಲೆಯವರಿಗೆ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಗತಿಯಾಗಿತ್ತು. 1982ರಲ್ಲಿ ಹೊಸ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇಂದು ಎಷ್ಟೋ ಮನೆಗಳಲ್ಲಿ ಊಟಕ್ಕೆ ಮೊದಲು ಅಜ್ಜನೋ ತಾಯಿಯೋ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆರ್ಬರ್ ಹುಡುಕಿದ್ದು ಆ ಔಷಧವನ್ನಲ್ಲ. ಒಂದು ಕ್ಷುದ್ರಜೀವಿ ತನ್ನ ಮನೆಯನ್ನು ಹೇಗೆ ಕಾಯುತ್ತದೆಂಬುದನ್ನು. “ಇದರಿಂದೇನು ಪ್ರಯೋಜನ?” ಎಂದು ಮಕ್ಕಳ ಪ್ರಶ್ನೆಗಳನ್ನು ತಳ್ಳಿಹಾಕುವ ಮುನ್ನ ನಾವು ಕ್ಷಣಕಾಲ ತಡೆಯುವುದು ಒಳ್ಳೆಯದು.