ತಾಟಸ್ಥ್ಯವೆಂಬ ಪಕ್ಷಪಾತ

ಒಂದು ದೇಶದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಾಗ ಪರರಾಷ್ಟ್ರಗಳು ತಟಸ್ಥವಾಗಿರುವುದೇ ಧರ್ಮವೆಂಬ ಮಾತು ಕೇಳಿಬರುವುದು ವಾಡಿಕೆ. ಮಾತೇನೋ ಸೊಗಸಾಗಿದೆ. ಇದನ್ನು ಒಪ್ಪುವ ಮುನ್ನ ವಾಚಕರು ಸ್ಪೇನ್ ದೇಶದ ಚರಿತ್ರೆಯನ್ನು ಒಮ್ಮೆ ತಿರುವಿನೋಡುವುದು ಉಚಿತ.

1936ನೆಯ ಇಸವಿಯ ಜುಲೈ ತಿಂಗಳಲ್ಲಿ ಅಲ್ಲಿಯ ಸೇನಾನಿಗಳು ತಮ್ಮ ಸರ್ಕಾರದ ಮೇಲೆಯೇ ದಂಗೆಯೆದ್ದರು. ಆ ಸರ್ಕಾರವು ಅದೇ ಫೆಬ್ರವರಿಯ ಚುನಾವಣೆಯಲ್ಲಿ ಪ್ರಜೆಗಳ ಮತದಿಂದ ಬಂದುದು. ಜಮೀನ್ದಾರರಿಗೂ ಕೂಲಿಗಳಿಗೂ, ಇಗರ್ಜಿಗೂ ಅದರ ವಿರೋಧಿಗಳಿಗೂ ಬಹುಕಾಲದಿಂದ ಬೆಳೆದಿದ್ದ ವೈರವು ಈ ಬೆಂಕಿಗೆ ಸೌದೆಯಾಯಿತು. ಆದರೂ ಮಡ್ರಿಡ್, ಬಾರ್ಸೆಲೋನಾ ನಗರಗಳಲ್ಲಿ ದಂಗೆಯು ಅಡಗಿತು. ಜನರಲ್ ಫ್ರಾಂಕೋವಿನ ನುರಿತ ಪಡೆಯು ಮೊರಾಕ್ಕೋದಲ್ಲಿ ಸಿಕ್ಕಿಕೊಂಡಿತ್ತು. ನಾವಿಕರು ಬಹುಮಟ್ಟಿಗೆ ಸರ್ಕಾರಕ್ಕೆ ನಿಷ್ಠರಾಗಿದ್ದುದರಿಂದ ಸಮುದ್ರವನ್ನು ದಾಟುವುದು ದುಸ್ಸಾಧ್ಯವಾಗಿತ್ತು. ಆಕಾಶದಲ್ಲಿ ದಾರಿ ತೆರೆದುಕೊಟ್ಟವರು ಹಿಟ್ಲರನೂ ಮುಸೋಲಿನಿಯೂ. ಅವರ ವಿಮಾನಗಳು ಸಾವಿರಾರು ಸೈನಿಕರನ್ನು ಸ್ಪೇನಿನ ನೆಲದಲ್ಲಿ ತಂದಿಳಿಸಿದುವು.

ಆಗ ಇಂಗ್ಲೆಂಡು ಫ್ರಾನ್ಸುಗಳು ಮಾಡಿದುದೇನು? ಯಾರೂ ಯಾವ ಪಕ್ಷಕ್ಕೂ ಆಯುಧಗಳನ್ನು ಕೊಡಬಾರದೆಂದು ಒಡಂಬಡಿಕೆ ಮಾಡಿಸಿದುವು. 27 ರಾಷ್ಟ್ರಗಳು ಒಪ್ಪಿದುವು. ಸೆಪ್ಟೆಂಬರ್ 9ರಂದು ಲಂಡನ್ನಿನಲ್ಲಿ ಸಮಿತಿಯು ಕೂಡಿತು. ಜರ್ಮನಿ ಇಟಲಿಗಳೂ ಅದರ ಸದಸ್ಯರೇ! ನ್ಯಾಯವಾದ ಸರ್ಕಾರವು ತನ್ನ ಹಣದಿಂದ ಆಯುಧ ಕೊಳ್ಳುವುದು ರಾಷ್ಟ್ರಗಳೆಲ್ಲ ಮನ್ನಿಸುತ್ತಿದ್ದ ಹಕ್ಕು. ಆ ಹಕ್ಕು ಕಾಗದದ ಒಂದು ಹಾಳೆಯಿಂದ ಹೋಯಿತು. ದಂಗೆಕೋರರಿಗೆ ಮಾತ್ರ ಯಾವ ಕೊರತೆಯೂ ಆಗಲಿಲ್ಲ. ಯುದ್ಧಕಾಲದಲ್ಲಿ ಇಟಲಿಯಿಂದ ಬಂದ ಸೈನಿಕರು 70,000ಕ್ಕೂ ಮಿಕ್ಕವರು. ಜರ್ಮನಿಯ ಕೊಂಡೋರ್ ದಳದ ವಿಮಾನಗಳು 1937ನೆಯ ಏಪ್ರಿಲ್ 26ರಂದು, ಸಂತೆಯ ದಿನದಲ್ಲಿ, ಗೆರ್ನಿಕಾ ಪಟ್ಟಣವನ್ನು ಸುಟ್ಟುವು; ಊರಿನವರೇ ಊರಿಗೆ ಬೆಂಕಿಯಿಟ್ಟರೆಂದು ಫ್ರಾಂಕೋವಿನ ಕಡೆಯವರು ಸಾರಿದರು. ಅದೇ ವರ್ಷ ಭೂಮಧ್ಯ ಸಮುದ್ರದಲ್ಲಿ ‘ಅಜ್ಞಾತ’ ಜಲಾಂತರ್ಗಾಮಿಗಳು ವ್ಯಾಪಾರದ ಹಡಗುಗಳನ್ನು ಮುಳುಗಿಸತೊಡಗಿದುವು. ಅವು ಇಟಲಿಯವೆಂದು ಅರಿಯದ ಮುತ್ಸದ್ದಿಯಿರಲಿಲ್ಲ. ಕಡೆಗೆ ಸಮುದ್ರದ ಕಾವಲಿನಲ್ಲಿ ಇಟಲಿಗೂ ಒಂದು ಪಾಲನ್ನು ಕೊಟ್ಟರು.

ಸರ್ಕಾರದ ಪಕ್ಷವು ನಿಷ್ಕಳಂಕವಾಗಿತ್ತೆಂದು ನಾವು ಹೇಳುವುದಿಲ್ಲ. ಅದರ ಸೀಮೆಯಲ್ಲಿ ಪಾದ್ರಿಗಳೂ ಸನ್ಯಾಸಿಗಳೂ 6,000ಕ್ಕೂ ಮೇಲ್ಪಟ್ಟು ಹತರಾದರು. ಬೇರೆ ಬಾಗಿಲುಗಳು ಮುಚ್ಚಿದ ಮೇಲೆ ಅದು ರಷ್ಯದ ಬಾಗಿಲಿಗೆ ಹೋಯಿತು. 500 ಟನ್ನಿಗೂ ಹೆಚ್ಚಿನ ಚಿನ್ನವು ಅಲ್ಲಿಗೆ ಸಾಗಿತು. ಆಯುಧಗಳು ಬಂದುವು, ಅವುಗಳೊಡನೆ ಸ್ಟಾಲಿನ್ನನ ಗೂಢಚಾರರೂ ಗುಪ್ತ ಸೆರೆಮನೆಗಳೂ ಬಂದುವು. ಈ ಪರಾಧೀನತೆಗೆ ಸ್ಪೇನನ್ನು ತಳ್ಳಿದವರಲ್ಲಿ ಲಂಡನ್ನಿನ ಸಮಿತಿಯವರೂ ಸೇರಿದ್ದಾರೆಂಬುದು ನಮ್ಮ ಅಭಿಪ್ರಾಯ.

ಕುರುಕ್ಷೇತ್ರದ ಕಾಲದಲ್ಲಿ ಬಲರಾಮನು ಎರಡು ಪಕ್ಷವನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟನು. ಅದು ತಾಟಸ್ಥ್ಯ. ಒಬ್ಬನ ಕೈಗಳನ್ನು ಹಿಡಿದುಕೊಂಡು, ಇನ್ನೊಬ್ಬನಿಗೆ ಗದೆ ಸಿಕ್ಕುವುದನ್ನು ಕಂಡೂ ಕಾಣದಂತಿರುವುದಕ್ಕೆ ಬೇರೆ ಹೆಸರಿದೆ.

ಸರ್ಕಾರಗಳು ಕೈಬಿಟ್ಟಾಗ ಸಾಮಾನ್ಯ ಜನರು ಹೋದರು. ನಾನಾ ದೇಶಗಳ ಸುಮಾರು 35,000 ಸ್ವಯಂಸೇವಕರು ಅಲ್ಲಿ ಹೋರಾಡಿದರು. 1938ರ ಜೂನಿನಲ್ಲಿ ಪಂಡಿತ ಜವಾಹರಲಾಲ್ ನೆಹರೂರವರು ಕೃಷ್ಣ ಮೆನನ್ನರೊಡನೆ ಬಾರ್ಸೆಲೋನಾಕ್ಕೆ ಹೋಗಿ, ಬಾಂಬುಗಳು ಬೀಳುತ್ತಿದ್ದ ಆ ನಗರದಲ್ಲಿ ಕೆಲವು ದಿನಗಳಿದ್ದು ಬಂದರು. ಪರತಂತ್ರ ದೇಶದ ಮುಂದಾಳಿಗೆ ಕಂಡ ಸತ್ಯವು ಸ್ವತಂತ್ರ ರಾಷ್ಟ್ರಗಳ ಮಂತ್ರಿಗಳಿಗೆ ಕಾಣಲಿಲ್ಲ. ಅಥವಾ ಕಾಣಬೇಕೆಂಬ ಇಚ್ಛೆಯಿರಲಿಲ್ಲ.

1939ನೆಯ ಫೆಬ್ರವರಿ 27ರಂದು, ಯುದ್ಧವು ಇನ್ನೂ ಮುಗಿಯದಿರುವಾಗಲೇ, ಇಂಗ್ಲೆಂಡು ಫ್ರಾನ್ಸುಗಳು ಫ್ರಾಂಕೋವಿನ ಸರ್ಕಾರವನ್ನು ಮನ್ನಿಸಿದುವು. ಏಪ್ರಿಲ್ 1ರಂದು ಯುದ್ಧವು ಮುಗಿಯಿತು. ಜೂನ್ 6ರಂದು, ಅದುವರೆಗೆ ಗುಟ್ಟಾಗಿದ್ದ ಕೊಂಡೋರ್ ದಳವು ಬರ್ಲಿನ್ನಿನ ಬೀದಿಯಲ್ಲಿ ಹಿಟ್ಲರನ ಮುಂದೆ ಬಹಿರಂಗವಾಗಿ ಮೆರವಣಿಗೆ ನಡೆಸಿತು. ಸ್ಪೇನಿನ ಪ್ರಜೆಗಳು ಮತ್ತೆ ಸ್ವತಂತ್ರವಾಗಿ ಮತ ಕೊಟ್ಟುದು 1977ರಲ್ಲಿ.