ಗಾಲಿಯ ಮೇಲಿನ ಒಲೆ

ನಿವೃತ್ತರಾದ ಗಂಡಸರು ಬರೆಯುವ ಚಳಿಗಾಲದ ಪ್ರವಾಸದ ಅಂದಾಜುಪಟ್ಟಿಯ ಮೇಲೆ ನನ್ನದೊಂದು ತಕರಾರಿದೆ. ಅದರಲ್ಲಿ ಡೀಸೆಲ್ ಇರುತ್ತದೆ, ಟೋಲ್ ಇರುತ್ತದೆ, ಹಣ್ಣುಕಾಯಿ, ಅಭಿಷೇಕದ ಚೀಟಿ ಇರುತ್ತದೆ. ಗಾಲಿಗೆ ಗಾಳಿ ತುಂಬಿಸುವ ಹತ್ತು ರೂಪಾಯಿಯೂ ಇರುತ್ತದೆ. ಊಟದ ಸಾಲಿಗೆ ಬಂದಾಗ ಮಾತ್ರ ಒಂದು ಅಡ್ಡಗೆರೆ. ಯಾಕೆಂದು ಕೇಳಿದರೆ, "ಅಡಗಿ ಮನೀದು, ಅದಕ್ಕೇನ ಖರ್ಚು?" ಎಂಬ ಉತ್ತರ. ಆ ಅಡ್ಡಗೆರೆಯ ಕೆಳಗೆ ಇಡೀ ಒಬ್ಬ ಹೆಂಗಸು ಕುಳಿತು ರೊಟ್ಟಿ ಬಡಿಯುತ್ತಿರುತ್ತಾಳೆ ಎಂಬುದು ಲೆಕ್ಕ ಬರೆಯುವವರಿಗೆ ಕಾಣುವುದಿಲ್ಲ.

ನಮ್ಮ ರನ್ನ ಬೆಳಗಲಿಯ ಕಡೆ ದೀಪಾವಳಿ ಮುಗಿದು ಶಿವರಾತ್ರಿ ಬರುವತನಕ ತಿರುಗಾಟದ ಕಾಲ. ಕಾರ್ತಿಕ ಏಕಾದಶಿಗೆ ಪಂಢರಪುರ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಹಿಂದೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಂಡಿಯೇ ಮನೆ, ಅದರ ಮಗ್ಗುಲಿಗೆ ಮೂರು ಕಲ್ಲಿಟ್ಟರೆ ಅದೇ ಅಡಿಗೆಮನೆ. ಆಮೇಲೆ ಟ್ರ್ಯಾಕ್ಟರಿನ ಟ್ರಾಲಿಗೆ ತಾಡಪತ್ರಿ ಹೊದಿಸುವುದು ಬಂತು. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದರೂ ಕಲ್ಲಿನ ಮುಂದೆ ಕೂತವರು ಬದಲಾಗಲಿಲ್ಲ. ಗುಡ್ಡ ಏರಿದ ಮೇಲೂ ಪಡಲಗಿ ತುಂಬಲು ಹೋಳಿಗೆ, ಕಡಬು, ಬದನೆಕಾಯಿ ಪಲ್ಲೆ ಎಲ್ಲ ಆಗಲೇಬೇಕು. ದೇವಿಗೆ ಎಡೆ ಹಿಡಿಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆ ಎಡೆ ತಾನೇ ತಾನಾಗಿ ಬೆಂದಿತೆಂದು ತಿಳಿಯುವವರ ಮೇಲೆ ನನ್ನ ಸಿಟ್ಟು.

ಈಗ ಹೊಸ ಹುಚ್ಚೊಂದು ಹುಟ್ಟಿದೆ. ಪರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಚಿತ್ರ ತೋರಿಸುತ್ತಾರೆ. ಕೆನಡಾ ಮತ್ತು ಅಮೆರಿಕೆಯ ಉತ್ತರದ ಚಳಿಗೆ ಬೇಸತ್ತ ನಿವೃತ್ತ ದಂಪತಿಗಳು ಮನೆಯಂಥ ಗಾಡಿಯಲ್ಲಿ ಕೂತು ಅರಿಜೋನಾ, ಫ್ಲಾರಿಡಾಗಳಿಗೆ ಇಳಿದು ಬರುತ್ತಾರಂತೆ. ಒಳಗೇ ಹಾಸಿಗೆ, ಒಳಗೇ ಒಲೆ. ನಮ್ಮ ಪಕ್ಕದ ಕೇರಳ ಸರಕಾರವೂ 2021ರಲ್ಲಿ ಕ್ಯಾರಾವಾನ್ ಪ್ರವಾಸದ ಯೋಜನೆ ಹೊರಡಿಸಿತು. ಇಷ್ಟು ಸಾಕು, ನಮ್ಮ ಮನೆಯವರೂ ಅವರ ಜೊತೆಗೆ ನಿವೃತ್ತರಾದ ಇಬ್ಬರು ಮಾಸ್ತರರೂ ಕಟ್ಟೆಯ ಮೇಲೆ ಕೂತು ಹಳೆಯ ವ್ಯಾನೊಂದನ್ನು ಕೊಂಡು ಮನೆ ಮಾಡುವ ಲೆಕ್ಕ ಹಾಕತೊಡಗಿದರು. ಹತ್ತು ಲಕ್ಷದಲ್ಲಿ ಆಗಿಬಿಡುತ್ತದಂತೆ. "ಹೋಟೆಲಿನ ಖರ್ಚು ಉಳೀತದ, ರೂಮಿನ ಬಾಡಿಗಿ ಉಳೀತದ" ಎಂದರು. ಉಳಿಸುವವರು ಯಾರು ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ.

ಗಂಡ ಅರುವತ್ತಕ್ಕೆ ನಿವೃತ್ತನಾಗುತ್ತಾನೆ. ಸರಕಾರ ಹಾರ ಹಾಕಿ ಕಳಿಸುತ್ತದೆ. ಹೆಂಡತಿಗೆ ನಿವೃತ್ತಿಯ ಆದೇಶ ಹೊರಡಿಸುವ ಕಚೇರಿ ಎಲ್ಲಿದೆ? ಮೂವತ್ತೈದು ವರ್ಷ ದೊಡ್ಡ ಅಡಿಗೆಮನೆಯಲ್ಲಿ ನಿಂತವಳನ್ನು ಎರಡು ಮೊಳದ ಅಡಿಗೆಮನೆಯೊಳಗೆ ಕೂಡಿಸಿ, ಅದಕ್ಕೆ ಗಾಲಿ ಹಚ್ಚಿ, ಇದು ನಿನಗೆ ವಿಶ್ರಾಂತಿ ಎಂದರೆ ನಂಬಬೇಕೆ?

ಮೊದಲು ರೊಕ್ಕದ ಮಾತನ್ನೇ ಆಡೋಣ, ಅವರಿಗೆ ಅದೇ ತಿಳಿಯುವ ಭಾಷೆ. ಹತ್ತು ಲಕ್ಷದ ಗಾಡಿ ಚಳಿಗಾಲ ಮುಗಿದ ಮೇಲೆ ಎಂಟು ತಿಂಗಳು ಬೇವಿನ ಮರದ ಕೆಳಗೆ ನಿಲ್ಲುತ್ತದೆ. ವಿಮೆ, ತೆರಿಗೆ, ಬ್ಯಾಟರಿ, ಟೈರು ಯಾವುದೂ ನಿಲ್ಲುವುದಿಲ್ಲ. ಅಲ್ಲದೆ ಗಾಡಿಯ ಮೈಯನ್ನು ಬೇಕಾದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ಗ್ಯಾರೇಜಿನವನು ಆಗುತ್ತದೆ ಎಂದ ಮಾತ್ರಕ್ಕೆ ಆಗುವುದಿಲ್ಲ. ಇದೇ ಹತ್ತು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ನೂರಕ್ಕೆ 8.2ರ ದರದಂತೆ ವರ್ಷಕ್ಕೆ 82,000 ರೂಪಾಯಿ ಬಡ್ಡಿ. ಮೂರು ತಿಂಗಳಿಗೊಮ್ಮೆ 20,500 ಕೈಗೆ ಬರುತ್ತದೆ. ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಗಂಡಹೆಂಡತಿ ಜಂಟಿಯಾಗಿಯೂ ಖಾತೆ ತೆರೆಯಬಹುದು. ಅಸಲು ಮುಟ್ಟದೆ, ಬರೀ ಬಡ್ಡಿಯಲ್ಲಿ ಚಳಿಗಾಲ ತಿರುಗಿ ಬರಬಹುದು.

ಹೇಗೆಂದು ಕೇಳಿದರೆ ನನ್ನ ಪಟ್ಟಿ ಇಲ್ಲಿದೆ, ಮೂವತ್ತು ದಿನಗಳದ್ದು. ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ. ಬಿಸಿನೀರು, ಶೌಚಾಲಯ ಇರುವ ಕೋಣೆಗೆ ದಿನಕ್ಕೆ 600ರಂತೆ 18,000. ಇಬ್ಬರ ಊಟ, ನಾಷ್ಟಾ, ಚಹಕ್ಕೆ ದಿನಕ್ಕೆ 500ರಂತೆ 15,000. ಬಸ್ಸು, ರೈಲು, ಆಟೋಕ್ಕೆ 10,000. ಬಸ್ಸು ಸರಿಹೋಗದ ಕಡೆ ಡ್ರೈವರ್ ಸಹಿತ ಬಾಡಿಗೆ ಕಾರಿಗೆ ಎಂಟು ದಿನ, ದಿನಕ್ಕೆ 2,500ರಂತೆ 20,000. ಔಷಧ ಮತ್ತು ಆಪತ್ತಿಗೆಂದು ಮುಟ್ಟದೆ ಇಡುವ ಗಂಟು 10,000. ಕಟ್ಟಿಕೊಂಡು ಹೋಗುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗೆ 3,000. ಇವನ್ನು ದುಡ್ಡು ಕೊಟ್ಟೇ ಕೊಳ್ಳಬೇಕು, ಆ ರೊಕ್ಕ ಮತ್ತೊಬ್ಬ ಹೆಂಗಸಿನ ಕೂಲಿಯಾಗಿ ಅವಳ ಮನೆ ಸೇರುತ್ತದೆ. ಕೊನೆಗೆ ಇಬ್ಬರಿಗೂ ತಲಾ 3,000 ಕೈಖರ್ಚು. ಬಳೆ ಕೊಂಡೆಯೋ, ಬನಶಂಕರಿಯಲ್ಲಿ ಕಂಪನಿ ನಾಟಕ ನೋಡಿದೆಯೋ ಎಂದು ಯಾರೂ ಯಾರನ್ನೂ ಕೇಳಬಾರದು. ಕೂಡಿಸಿ ನೋಡಿರಿ, ಒಟ್ಟು 82,000.

ಬಸ್ಸಿನ ಮಾತು ಬಂದಾಗ ನನಗೆ ನಗು ಬರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ನನಗೆ ಟಿಕೇಟಿನ ದುಡ್ಡಿಲ್ಲ. ನಮ್ಮವರದು ಮಾತ್ರ ಖರ್ಚು, ಅದೂ ಹಿರಿಯರೆಂಬ ರಿಯಾಯಿತಿ ಕಳೆದು. ಜೀವನದಲ್ಲಿ ಮೊದಲ ಸಲ ಅವರೇ ಖರ್ಚಿನ ಬಾಬು ಆಗಿದ್ದಾರೆ! ಆದರೆ ರೈಲಿನಲ್ಲಿ ಕಸಿದುಕೊಂಡದ್ದನ್ನು ಮರೆಯಬಾರದು. ಐವತ್ತೆಂಟು ದಾಟಿದ ಹೆಂಗಸರಿಗೆ ಅರ್ಧ ದರ, ಅರುವತ್ತು ದಾಟಿದ ಗಂಡಸರಿಗೆ ನೂರಕ್ಕೆ ನಲವತ್ತು ಸೋಡಿ ಇತ್ತು. ಕೊರೋನಾದ ಹೆಸರಿನಲ್ಲಿ 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ರೋಗ ಇಳಿದು ರೈಲುಗಳೆಲ್ಲ ಮೊದಲಿನಂತೆ ಓಡತೊಡಗಿದರೂ ಸೋಡಿ ಮಾತ್ರ ಅವುಗಳ ಜೊತೆ ಮರಳಲಿಲ್ಲ. ವಯಸ್ಸಾದವರು ಮನೆಯಲ್ಲಿರಲಿ ಎಂಬುದು ಮಕ್ಕಳಷ್ಟೇ ಅಲ್ಲ, ದೊಡ್ಡವರ ಬಯಕೆಯೂ ಆಗಿರಬೇಕು.

ಇನ್ನೊಂದು ಕಹಿ ಮಾತನ್ನೂ ಆಡಬೇಕು. ಪೂರ್ಣ ಸೇವೆ ಸಲ್ಲಿಸಿದ ರಾಜ್ಯ ಸರಕಾರದ ಹಳೆಯ ನೌಕರನಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ. ಆತ ತೀರಿಕೊಂಡರೆ ಹೆಂಡತಿಗೆ ಸಾಮಾನ್ಯವಾಗಿ ಸಿಗುವ ಕುಟುಂಬ ಪಿಂಚಣಿ ಅದೇ ವೇತನದ ನೂರಕ್ಕೆ ಮೂವತ್ತು. ಬಾಡಿಗೆ, ದೀಪದ ಬಿಲ್ಲು, ಔಷಧ ಅರ್ಧಕ್ಕಿಳಿಯುವುದಿಲ್ಲ. ಇಡುಗಂಟನ್ನು ಗಾಡಿಗೆ ಸುರಿದು, ಗಾಡಿ ನಡೆಸುವವರೇ ಇಲ್ಲವಾದ ದಿನ ಗೇರು ಹಾಕಲು ಬಾರದ ಹೆಂಗಸು ಆ ತಗಡನ್ನು ಯಾರಿಗೆ ಮಾರಬೇಕು? ಹೀಗೆ ಕೇಳಿದರೆ ಅಪಶಕುನ ಎನ್ನುತ್ತಾರೆ. ಲೆಕ್ಕದಲ್ಲಿ ಅಪಶಕುನವಿಲ್ಲ.

ಗಾಲಿಯ ಮೇಲಿನ ಸಂಸಾರವನ್ನು ನೋಡಲು ಅಮೆರಿಕೆಗೇ ಹೋಗಬೇಕಿಲ್ಲ. ಇದೇ ಚಳಿಗಾಲದಲ್ಲಿ ಕಬ್ಬು ಕಡಿಯಲು ನಮ್ಮ ಸೀಮೆಗೆ ಬೀಡ ಜಿಲ್ಲೆಯಂಥ ಕಡೆಯಿಂದ ಬರುವ ಗ್ಯಾಂಗುಗಳನ್ನು ನೋಡಿರಿ. ಬಂಡಿ, ಎತ್ತು, ಕೂಸು, ಪಾತ್ರೆ ಎಲ್ಲ ಒಟ್ಟಿಗೆ. ಅವರಲ್ಲಿ ಗಂಡಹೆಂಡತಿ ಇಬ್ಬರನ್ನೂ ಸೇರಿಸಿ 'ಒಂದು ಕೋಯ್ತಾ' ಎಂದು ಎಣಿಸುತ್ತಾರೆ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಎರಡು ಜೀವ, ಒಂದು ಕತ್ತಿ. ಮುಂಗಡ ಬಹುಮಟ್ಟಿಗೆ ಗಂಡಸಿನ ಕೈಗೆ. ಅಮೆರಿಕೆಯಲ್ಲೂ ಮನೆ ಉಳಿಸಿಕೊಳ್ಳಲಾಗದೆ ವ್ಯಾನಿನಲ್ಲಿ ಬದುಕುತ್ತ, ಗೋದಾಮುಗಳಲ್ಲಿ ಹಂಗಾಮಿ ಕೂಲಿ ಮಾಡುವ ಮುದುಕಿಯರಿದ್ದಾರೆ. ಅವರ ಬಗ್ಗೆ 2017ರಲ್ಲಿ ಜೆಸಿಕಾ ಬ್ರೂಡರ್ ಬರೆದ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಬಂದಿದೆ. ಮಕ್ಕಳು ಕಳಿಸುವ ಚಿತ್ರಗಳಲ್ಲಿ ಇವರು ಇರುವುದಿಲ್ಲ. ಹೊಟ್ಟೆಪಾಡಿಗೆ ಗಾಡಿ ಏರಿದವರ ಕಷ್ಟವೂ ನಮ್ಮಂಥ ಪಿಂಚಣಿದಾರರ ಸುಖದ ತಿರುಗಾಟವೂ ಒಂದೇ ಎಂದು ನಾನು ಹೇಳುವುದಿಲ್ಲ, ಅದು ಅನ್ಯಾಯವಾದೀತು. ಆದರೆ ಇಬ್ಬರ ಬದುಕನ್ನು ಒಂದೇ ಹೆಸರಿನಲ್ಲಿ ಬರೆಯುವ ಅಭ್ಯಾಸ ಗುಡಿಸಲಲ್ಲೂ ಇದೆ, ಹಂಚಿನ ಮನೆಯಲ್ಲೂ ಇದೆ.

ನಮ್ಮ ಊರು ರನ್ನನ ಹೆಸರು ಹೊತ್ತ ಊರು. ಬಳೆಗಾರರ ಮನೆಯ ಆ ಹುಡುಗನಿಂದ 993ರಲ್ಲಿ 'ಅಜಿತಪುರಾಣ' ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ಸಾವಿರ ವರ್ಷದ ಹಿಂದೆ ಒಬ್ಬ ಹೆಂಗಸು ತನ್ನ ಸಂಪತ್ತನ್ನು ಏತಕ್ಕೆ ಖರ್ಚು ಮಾಡಬೇಕೆಂದು ತಾನೇ ನಿರ್ಧರಿಸಿದಳು. ಉತ್ಸವದಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ತಟ್ಟುವವರು ಮನೆಗೆ ಬಂದು ಪಾಸ್‌ಬುಕ್ಕನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಾರೆ.

ಅಡಿಗೆ ಮಾಡುವುದೇ ನನಗೆ ಸಂತೋಷ ಎನ್ನುವ ಅಕ್ಕತಂಗಿಯರೂ ಇದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಮನೆಯ ಊಟವೇ ಲೇಸು ಎಂಬುದೂ ಖರೆ. ಹಾಗಿದ್ದರೆ ಮಾಡಲಿ, ಆದರೆ ಎರಡನೆಯ ದಿನ ಅವರು ಮಾಡಲಿ. ಮಕ್ಕಳಿಗೆ ಪಾಠ ಹೇಳಿದ ಮಾಸ್ತರರಿಗೆ ಅವಲಕ್ಕಿ ಒಗ್ಗರಣೆ ಕಲಿಯಲು ಎಷ್ಟು ದಿನ ಬೇಕು?

ಈ ಸಲ ಮನೆಯಲ್ಲಿ ಅಂದಾಜುಪಟ್ಟಿ ತೆಗೆದಾಗ ನೀವೂ ಪಕ್ಕದಲ್ಲಿ ಕೂತುಕೊಳ್ಳಿರಿ. ಪೆನ್ನು ನೀವು ಹಿಡಿಯಿರಿ. ಮೊದಲ ಸಾಲಿನಲ್ಲಿ ಡೀಸೆಲ್ ಬರೆಯಬೇಡಿ, ಊಟ ಎಂದು ಬರೆದು ಎದುರಿಗೆ ಅಂಕಿ ಹಾಕಿರಿ. ಅದು ಒಪ್ಪಿಗೆಯಾದ ಮೇಲೆ ಯಾವ ಊರಿಗೆ ಹೋಗೋಣ ಎಂಬ ಮಾತು ತೆಗೆಯಿರಿ.