‘ಸರ್ವರ್ ಡೌನ್’ ಅಂದರೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಕೇಳಿ

ಇ-ಸ್ವತ್ತಿಗೆ ಪಂಚಾಯ್ತಿ ಅಲೆದವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಬಾಯಿಪಾಠ. ಬೆಂಗಳೂರಿನ ಸರ್ವರ್ ಸರಿಯಿದ್ದು, ಕಚೇರಿ ಮೂಲೆಯ ಸ್ವಿಚ್ ಕೈಕೊಟ್ಟಾಗಲೂ ಉತ್ತರ ಅದೇ. ದೀಪದ ಸ್ವಿಚ್ ಅಲ್ಲ, ಕಂಪ್ಯೂಟರುಗಳ ಕೇಬಲ್ಲೆಲ್ಲ ಬಂದು ಸೇರುವ ಪೆಟ್ಟಿಗೆ. ಪಾಸ್‌ವರ್ಡ್ ಹಾಕಿ ಒಳಹೊಕ್ಕು ಸೆಟ್ಟಿಂಗ್ ಬದಲಿಸುವಂಥದ್ದು ‘ಮ್ಯಾನೇಜ್ಡ್’ ಸ್ವಿಚ್. ಅದನ್ನು ನಡೆಸುವ ತಂತ್ರಾಂಶ ಫರ್ಮ್‌ವೇರ್. ಫೋನಿನಂತೆ ಅದಕ್ಕೂ ಅಪ್‌ಡೇಟ್ ಬರುತ್ತದೆ, ಆದರೆ ಸಾಮಾನ್ಯವಾಗಿ ಯಾರಾದರೂ ಕೂತು ಹಾಕಬೇಕು.

‘ಓಡ್ತಾ ಇದೆಯಲ್ಲ, ಯಾಕೆ ಮುಟ್ಟೋದು?’ ಅನ್ನುತ್ತಾರೆ. 2018ರ ಮಾರ್ಚ್ ಕೊನೆಗೆ ಸಿಸ್ಕೊ ಕಂಪನಿ ತನ್ನ ಸ್ವಿಚ್‌ಗಳ ‘ಸ್ಮಾರ್ಟ್ ಇನ್‌ಸ್ಟಾಲ್’ ಸೌಲಭ್ಯದ ದೋಷ ತಿದ್ದಿ ಹೊಸ ಫರ್ಮ್‌ವೇರ್ ಬಿಟ್ಟಿತು. ಏಪ್ರಿಲ್ 6ಕ್ಕೆ, ಆ ಸೌಲಭ್ಯ ಇಂಟರ್‌ನೆಟ್ಟಿಗೆ ತೆರೆದೇ ಇದ್ದ ಸ್ವಿಚ್‌ಗಳ ಮೇಲೆ ದಾಳಿ ನಡೆಯಿತು. ಇರಾನ್ ಸರ್ಕಾರದ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 2 ಲಕ್ಷ, ಇರಾನಿನಲ್ಲೇ 3,500. ಸೆಟ್ಟಿಂಗ್ ಅಳಿಸಿಹೋಗಿ ಅಮೆರಿಕದ ಬಾವುಟ ಮೂಡಿತ್ತು. ಅವೂ ಹಿಂದಿನ ದಿನದವರೆಗೆ ಓಡುತ್ತಿದ್ದವೇ.

ಅಪ್‌ಡೇಟ್ ಹಾಕುವಾಗ ಅರ್ಧಕ್ಕೆ ಕರೆಂಟು ಹೋದರೆ ಪೆಟ್ಟಿಗೆ ಮತ್ತೆ ಏಳದೇ ಹೋಗಬಹುದು, ನಿಜ. ಅದಕ್ಕೇ ಯುಪಿಎಸ್ ಬೇಕು, ಮೊದಲೇ ಸೆಟ್ಟಿಂಗಿನ ನಕಲು ಇಟ್ಟುಕೊಳ್ಳಬೇಕು, ಮಾಡೆಲ್ ನಂಬರು ಅಕ್ಷರಶಃ ತಾಳೆ ನೋಡಬೇಕು. ಹಲವು ಸ್ವಿಚ್‌ಗಳಲ್ಲಿ ಫರ್ಮ್‌ವೇರಿನ ಎರಡು ಪ್ರತಿ ಇರುತ್ತವೆ, ಹೊಸದು ಕೆಟ್ಟರೆ ಹಳೆಯದರಲ್ಲಿ ಏಳಿಸಬಹುದು. ಅದೂ ಆಗದಿದ್ದರೆ ಕನ್ಸೋಲ್ ಕೇಬಲ್ ಚುಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲಿ ನಿಂತಿದೆ ಅಂತ ಅದೇ ಹೇಳುತ್ತದೆ. ನಿಮ್ಮೂರಿನ ಡಿಪ್ಲೊಮಾ ಹುಡುಗಿಯೊಬ್ಬಳು ಕಲಿತು ಮಾಡಬಲ್ಲ ಕೆಲಸ.

ಆದರೆ ಪಾಸ್‌ವರ್ಡ್? ಅದು ಗುತ್ತಿಗೆದಾರನ ಜೇಬಿನಲ್ಲಿ. ಬಿಲ್ ಪಾಸಾದ ಮೇಲೆ ಆತನ ಫೋನು ಸ್ವಿಚ್ಡ್ ಆಫ್ (ಸ್ವಿಚ್ ಹಾಕಿದವನೇ!). ಪಾಸ್‌ವರ್ಡ್ ಇಲ್ಲದೆ ರೀಸೆಟ್ ಒತ್ತಿದರೆ ಸೆಟ್ಟಿಂಗ್ ಪೂರ್ತಿ ಹೋಗುತ್ತದೆ. ಕೆಲವು ಕಂಪನಿಗಳಂತೂ ಸಪೋರ್ಟ್ ಕರಾರಿಗೆ ದುಡ್ಡು ಕಟ್ಟಿದವರಿಗಷ್ಟೇ ಫರ್ಮ್‌ವೇರ್ ಕೊಡುತ್ತವೆ. ಬೋರ್‌ವೆಲ್ ಮೋಟಾರು ಇಳಿಸಿದವನು ಸ್ಟಾರ್ಟರ್ ಡಬ್ಬಿಯ ಬೀಗದಕೈ ಒಯ್ದರೆ ಊರು ಸುಮ್ಮನಿರುತ್ತದೆಯೇ?

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ, ಸೆಟ್ಟಿಂಗಿನ ನಕಲು ಪೆನ್‌ಡ್ರೈವಿನಲ್ಲಿ, ಎಷ್ಟು ವರ್ಷ ಫರ್ಮ್‌ವೇರ್ ಸಿಗುತ್ತದೆ ಅನ್ನುವುದು ಬರಹದಲ್ಲಿ ಪಿಡಿಒ ಕೈಸೇರುವವರೆಗೆ ಬಿಲ್ಲಿಗೆ ಸಹಿ ಬೀಳಬಾರದು.